ಎಲೆ ಕಟ್ಟಿದ ಹುಡುಗಿ

ಏಳನೆಯ ತರಗತಿಯ ಮಕ್ಕಳಿಗೆ ಒಂದು ಪುಟದ ಕಥೆ ಬರೆಯಲು ಹೇಳಿ ನೋಡಿ. ನಾಯಕನ ಅಜ್ಜನಿಂದ ಆರಂಭಿಸಿ, ನಾಯಕ ಹುಟ್ಟುವ ಹೊತ್ತಿಗೆ ಪುಟವೇ ಮುಗಿದಿರುತ್ತದೆ. ಚಿಕ್ಕ ಕಥೆಯಲ್ಲಿ ಏನು ಹೇಳಬೇಕು ಎನ್ನುವುದಕ್ಕಿಂತ ಏನು ಬಿಡಬೇಕು ಎನ್ನುವುದೇ ಕಷ್ಟ. ಕಿರುಚಿತ್ರ ಮಾಡುವವರ ಪಾಡೂ ಇದೇ.

ಸಿನಿಮಾ ಹುಟ್ಟಿದ್ದೇ ಕಿರುಚಿತ್ರವಾಗಿ. 1895ರಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರು ತೋರಿಸಿದ ಚಿತ್ರಗಳು ಒಂದೊಂದೂ ನಿಮಿಷಕ್ಕಿಂತ ಕಡಿಮೆ. ಅವುಗಳಲ್ಲೊಂದರಲ್ಲಿ ಮಾಲಿಯೊಬ್ಬ ಗಿಡಗಳಿಗೆ ನೀರು ಬಿಡುತ್ತಿದ್ದಾನೆ. ತುಂಟ ಹುಡುಗ ಹಿಂದಿನಿಂದ ಬಂದು ಪೈಪು ಮೆಟ್ಟುತ್ತಾನೆ. ನೀರು ಯಾಕೆ ನಿಂತಿತೆಂದು ಮಾಲಿ ಪೈಪಿನ ಬಾಯಿ ನೋಡುವಾಗ ಹುಡುಗ ಕಾಲೆತ್ತುತ್ತಾನೆ! ಮಾಲಿಗೆ ಸ್ನಾನ, ಹುಡುಗನಿಗೆ ಪೆಟ್ಟು. ಒಂದೇ ಜಾಗ, ಇಬ್ಬರೇ ಜನ, ಒಂದು ತಿರುವು. ಮಾಲಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿರುತ್ತದೆ. ನಗು ಬರುವುದು ಅದಕ್ಕೇ. ಇಂದಿಗೂ ಎಷ್ಟೋ ಕಿರುಚಿತ್ರಗಳು ನಿಂತಿರುವುದು ಈ ಅಡಿಪಾಯದ ಮೇಲೆ.

ಆ ವರ್ಷ ಲೂಮಿಯೇರರ ಪ್ರದರ್ಶನ ನೋಡಿದವರಲ್ಲಿ ಆಲಿಸ್ ಗೀ ಎಂಬ ಯುವತಿಯೂ ಇದ್ದಳು. ಕ್ಯಾಮೆರಾ ವ್ಯಾಪಾರದ ಗೋಮೋನ್ ಎಂಬುವರ ಕಚೇರಿಯಲ್ಲಿ ಆಕೆ ಕಾರ್ಯದರ್ಶಿ. ಇದರಲ್ಲಿ ಕಥೆಯನ್ನೇ ಹೇಳಬಹುದಲ್ಲ ಎಂದು ಆಕೆಗೆ ಅನ್ನಿಸಿತು. ಯಜಮಾನರು ಒಪ್ಪಿದರು, ಆದರೆ ಒಂದು ಷರತ್ತು: ಕಚೇರಿಯ ಕೆಲಸಕ್ಕೆ ತೊಂದರೆಯಾಗಬಾರದು. ಇದನ್ನು ಓದಿ ನನಗೆ ನಗು ಬಂತು. ನಾನು ಬಿ.ಎಡ್.ಗೆ ಹೊರಟಾಗ ನಮ್ಮತ್ತೆಯವರೂ, "ಓದು, ಬೇಡ ಅನ್ನೋಲ್ಲ. ಆದ್ರೆ ಒಲೆ ಮುಂದಿನ ಕೆಲಸ ನಿಲ್ಲಬಾರದು" ಎಂದಿದ್ದರು.

ಆಲಿಸ್ ಮುಂದೆ ಅಮೆರಿಕಕ್ಕೆ ಹೋಗಿ, 1910ರಲ್ಲಿ 'ಸೋಲಾಕ್ಸ್' ಎಂಬ ಸ್ವಂತ ಕಂಪನಿ ಕಟ್ಟಿದಳು. ಆಕೆಯ 1912ರ 'ಫಾಲಿಂಗ್ ಲೀವ್ಸ್' ಸುಮಾರು ಹನ್ನೆರಡು ನಿಮಿಷದ ಮೂಕಿಚಿತ್ರ. ಅಕ್ಕನಿಗೆ ಕ್ಷಯ. ಕೊನೆಯ ಎಲೆ ಉದುರುವ ಹೊತ್ತಿಗೆ ಆಕೆ ಉಳಿದಿರುವುದಿಲ್ಲ ಎನ್ನುತ್ತಾನೆ ವೈದ್ಯ. ಅದನ್ನು ಕೇಳಿದ ಪುಟ್ಟ ತಂಗಿ ರಾತ್ರಿ ತೋಟಕ್ಕಿಳಿದು, ಉದುರಿದ ಎಲೆಗಳನ್ನು ದಾರದಿಂದ ಕೊಂಬೆಗೆ ಕಟ್ಟುತ್ತಾಳೆ!

ಅಕ್ಕನ ಮೇಲಿನ ಪ್ರೀತಿಯನ್ನು ಹೇಳಲು ಬೇರೆ ಮಾತು ಬೇಕೆ? ಮಗು ತಪ್ಪಾಗಿ ತಿಳಿದದ್ದು ನಮಗೆ ಗೊತ್ತಿದೆ. ಮಾಲಿಯ ಚಿತ್ರದ ಉಪಾಯವೇ ಇದು. ಅಲ್ಲಿ ನಗಿಸಿದ್ದು ಇಲ್ಲಿ ಗಂಟಲು ಕಟ್ಟಿಸುತ್ತದೆ. ಆ ದಾರಿಯಲ್ಲಿ ಬಂದ ಇನ್ನೊಬ್ಬ ವೈದ್ಯ ಮಗುವನ್ನು ಕಂಡು ಅಕ್ಕನನ್ನು ಉಳಿಸುತ್ತಾನೆ. ಕ್ಷಯಕ್ಕೆ ನಿಜವಾದ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಇರಲಿ, ಕಥೆಯಲ್ಲಾದರೂ ಮೊದಲೇ ಸಿಕ್ಕಿತಲ್ಲ.

ಆಲಿಸಳ ಹೆಸರನ್ನು ಮಾತ್ರ ಯಾರೂ ಕೊಂಬೆಗೆ ಕಟ್ಟಲಿಲ್ಲ. ಹಲವು ಚಿತ್ರಗಳು ಕಳೆದುಹೋದವು. ಕೆಲವು ಬೇರೆಯವರ ಹೆಸರಿಗೆ ಹೋದವು. ತನ್ನ ನೆನಪುಗಳನ್ನು ತಾನೇ ಬರೆದಿಟ್ಟು, 1968ರಲ್ಲಿ ತೀರಿಕೊಂಡಳು. ಆ ಪುಸ್ತಕ ಅಚ್ಚಾದದ್ದು 1976ರಲ್ಲಿ.

ಈ ಚಿತ್ರವನ್ನು ಶಾಲೆಯಲ್ಲಿ ತೋರಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಇವರ ಹೆಸರು ಪರೀಕ್ಷೆಗೆ ಬರುತ್ತಾ?" ಎಂದು ಕೇಳಿದಳು.

"ಬರೋಲ್ಲಮ್ಮ," ಎಂದೆ. "ಆದರೂ ಬರೆದುಕೋ."