ಹಿತ್ತಲಿನ ಎಲ್ಡರ್: ಒಂದು ಪೊದೆಯ ಸಾಗುವಳಿಯ ಚರಿತ್ರೆ

ಯುರೋಪಿನ ಹಳ್ಳಿಮನೆಗಳ ಪಕ್ಕದಲ್ಲಿ ಸಾವಿರಾರು ವರ್ಷ ಬೆಳೆದು, ಹೂವು, ಹಣ್ಣು, ತೊಗಟೆ, ಎಲೆಗಳನ್ನು ಮನೆಮಂದಿಯ ಬಳಕೆಗೆ ಒದಗಿಸಿದರೂ, ಎಲ್ಡರ್ ಪೊದೆಯನ್ನು ಬೆಳೆಯೆಂದು ಪರಿಗಣಿಸಿ ತಳಿ ಆರಿಸಿ ನೆಡುವ ಪದ್ಧತಿ ಕೇವಲ ನೂರು ವರ್ಷಗಳಷ್ಟು ಈಚಿನದು. ಸಸ್ಯಶಾಸ್ತ್ರಜ್ಞರು ಸ್ಯಾಂಬುಕಸ್ ನೈಗ್ರಾ ಎಂದು ಕರೆಯುವ, ಕರ್ನಾಟಕದ ಓದುಗರಲ್ಲಿ ಕೆಲವರು ಹೋಮಿಯೋಪಥಿ ಔಷಧದ ಸೀಸೆಯ ಮೇಲಷ್ಟೇ ಹೆಸರು ಕಂಡಿರಬಹುದಾದ ಈ ಗಿಡವು ಆಳೆತ್ತರವನ್ನು ಮೀರಿ ಪೊದೆಯಾಗಿಯೋ ಸಣ್ಣ ಮರವಾಗಿಯೋ ಬೆಳೆಯುತ್ತದೆ. ಬೇಸಿಗೆಯ ಆರಂಭದಲ್ಲಿ ಅಂಗೈಯಗಲದ ಚಪ್ಪಟೆ ಗೊಂಚಲುಗಳಲ್ಲಿ ಕೆನೆಬಣ್ಣದ ಪುಟ್ಟ ಹೂಗಳನ್ನೂ, ಶರತ್ಕಾಲದ ಹೊತ್ತಿಗೆ ಮೆಣಸಿನ ಕಾಳಿಗಿಂತ ತುಸು ದೊಡ್ಡದಾದ ಕಪ್ಪು ನೇರಳೆ ಹಣ್ಣುಗಳನ್ನೂ ಬಿಡುತ್ತದೆ. ತಿಪ್ಪೆ, ಕೊಟ್ಟಿಗೆ, ಪಾಳುಬಿದ್ದ ಗೋಡೆಗಳ ಬುಡದಲ್ಲಿ ಸಾರಜನಕ ಹೆಚ್ಚಾಗಿರುವ ಮಣ್ಣು ಇದಕ್ಕೆ ಅಚ್ಚುಮೆಚ್ಚು. ಹಣ್ಣು ತಿಂದ ಹಕ್ಕಿಗಳ ಹಿಕ್ಕೆಯಲ್ಲಿ ಬಿದ್ದ ಬೀಜ ಅಂಥಲ್ಲಿ ತಾನಾಗಿಯೇ ಮೊಳೆಯುತ್ತಿದ್ದುದರಿಂದ ಮನುಷ್ಯರ ವಸತಿ ಇದ್ದೆಡೆಯಲ್ಲೆಲ್ಲ ಎಲ್ಡರ್ ಇತ್ತು. ಸ್ವಿಟ್ಜರ್ಲೆಂಡಿನ ಸರೋವರಗಳ ದಡದಲ್ಲಿದ್ದ ನವಶಿಲಾಯುಗದ ಮನೆಗಳ ಅವಶೇಷಗಳಲ್ಲಿ ಇದರ ಬೀಜಗಳು ದೊರೆತಿರುವುದು ಈ ನಂಟು ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿ.

ಗ್ರೀಕ್ ಮತ್ತು ರೋಮನ್ ಕಾಲದಿಂದಲೂ ವೈದ್ಯಗ್ರಂಥಗಳು ಇದನ್ನು ಹೆಸರಿಸುತ್ತ ಬಂದಿವೆ. 1631ರಲ್ಲಿ ಮಾರ್ಟಿನ್ ಬ್ಲೋಕ್‌ವಿಚ್ ಎಂಬ ಜರ್ಮನ್ ವೈದ್ಯನು ಈ ಒಂದೇ ಗಿಡದ ಮೇಲೆ ಲ್ಯಾಟಿನ್‌ನಲ್ಲಿ ಇಡೀ ಪುಸ್ತಕವನ್ನು ಪ್ರಕಟಿಸಿದನು. ಇಂಗ್ಲೆಂಡಿನ ಜಾನ್ ಈವ್ಲಿನ್ 1664ರ ತನ್ನ ‘ಸಿಲ್ವಾ’ ಎಂಬ ವೃಕ್ಷಗ್ರಂಥದಲ್ಲಿ ಅದರ ಔಷಧಗುಣವನ್ನು ಧಾರಾಳವಾಗಿ ಹೊಗಳಿದ್ದಾನೆ. ಎಳೆಯ ಕೊಂಬೆಯ ಒಳಗಿರುವ, ಬಾಸಿಂಗ ಕಟ್ಟುವ ಬೆಂಡಿನಷ್ಟೇ ಹಗುರವಾದ ತಿರುಳು ವಿಜ್ಞಾನಿಗಳಿಗೂ ಉಪಯೋಗಕ್ಕೆ ಬಂದಿತು: ವಿದ್ಯುದಾವೇಶವನ್ನು ಪತ್ತೆಹಚ್ಚಲು ಜಾನ್ ಕ್ಯಾಂಟನ್ 1754ರ ಸುಮಾರಿಗೆ ರೂಪಿಸಿದ ಉಪಕರಣದಲ್ಲಿ ದಾರಕ್ಕೆ ಕಟ್ಟಿ ತೂಗುಬಿಟ್ಟದ್ದು ಇಂಥ ತಿರುಳಿನ ಪುಟ್ಟ ಗುಂಡುಗಳನ್ನೇ. ಡೆನ್ಮಾರ್ಕಿನ ಜನಪದ ನಂಬಿಕೆಯಲ್ಲಿ ಗಿಡದೊಳಗೆ ‘ಹಿಲ್ಡೆಮೋರ್’, ಅಂದರೆ ಎಲ್ಡರ್ ತಾಯಿ, ನೆಲೆಸಿದ್ದಳು. ಆಕೆಯ ಅಪ್ಪಣೆ ಕೇಳದೆ ಕೊಂಬೆ ಕಡಿದರೆ ಕೇಡು ತಪ್ಪದೆಂದು ಜನ ಅಂಜುತ್ತಿದ್ದರು, ಮತ್ತು ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ತನ್ನ ಒಂದು ಕಥೆಗೆ ಆಕೆಯ ಹೆಸರನ್ನೇ ಇಟ್ಟಿದ್ದಾನೆ. ಇದನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕುವುದು ಸರಿಯಾಗದು. ಯಾರೂ ನೆಡದ, ಹಾಗಾಗಿ ಯಾರಿಗೂ ಸೇರದ ಗಿಡವೊಂದು ಮನಬಂದಂತೆ ಕಡಿಯುವವರ ಕತ್ತಿಯಿಂದ ಉಳಿದುಕೊಳ್ಳಲು ಆ ಅಂಜಿಕೆಯೂ ನೆರವಾಗಿರಬೇಕು.

ಹಣ್ಣಿಗಾಗಿಯೇ ಎಲ್ಡರನ್ನು ಬೆಳೆಸಿದ ಅತ್ಯಂತ ಪ್ರಸಿದ್ಧ ಪ್ರಸಂಗವೊಂದು ವಂಚನೆಯ ಚರಿತ್ರೆಗೆ ಸೇರಿರುವುದು ವಿಷಾದದ ಸಂಗತಿ. ಪೋರ್ಚುಗಲ್ಲಿನ ವೈನಿಗೆ ಸುಂಕದ ರಿಯಾಯಿತಿ ಕೊಟ್ಟ 1703ರ ಮೆಥುಯೆನ್ ಒಪ್ಪಂದದ ಬಳಿಕ ಡೌರೊ ಕಣಿವೆಯ ಪೋರ್ಟ್ ವೈನಿಗೆ, ಅಂದರೆ ಬ್ರಾಂದಿ ಬೆರೆಸಿ ಗಡಸುಗೊಳಿಸಿದ ದ್ರಾಕ್ಷಾರಸಕ್ಕೆ, ಇಂಗ್ಲೆಂಡಿನಲ್ಲಿ ಬೇಡಿಕೆ ಏರಿತು. ಕೊಳ್ಳುವವರು ಗಾಢವಾದ ಬಣ್ಣವನ್ನೇ ಗುಣಮಟ್ಟದ ಗುರುತೆಂದು ಭಾವಿಸಿದ್ದರಿಂದ, ತೆಳುವಾದ ವೈನಿಗೆ ಸಕ್ಕರೆಯ ಜೊತೆಗೆ ಎಲ್ಡರ್ ಹಣ್ಣಿನ ರಸವನ್ನು ಬೆರೆಸಿ ಮಾರುವುದು ರೂಢಿಯಾಯಿತು. ಕಲಬೆರಕೆಯ ಸುದ್ದಿ ಹರಡಿ ಬೆಲೆ ಕುಸಿದಾಗ, ಪೋರ್ಚುಗಲ್ಲಿನ ಪ್ರಬಲ ಮಂತ್ರಿಯಾಗಿದ್ದು ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎಂದು ಹೆಸರಾದವನು 1756ರಲ್ಲಿ ವೈನ್ ವ್ಯಾಪಾರದ ಹತೋಟಿಗಾಗಿ ಕಂಪನಿಯೊಂದನ್ನು ಸ್ಥಾಪಿಸಿ, ಪೋರ್ಟ್ ತಯಾರಿಸಬಹುದಾದ ಪ್ರದೇಶದ ಎಲ್ಲೆಯನ್ನು ಗುರುತಿಸಿದ್ದಲ್ಲದೆ, ಅಲ್ಲಿದ್ದ ಎಲ್ಡರ್ ಗಿಡಗಳನ್ನೆಲ್ಲ ಬುಡಸಮೇತ ಕೀಳಿಸುವ ಕ್ರಮ ಕೈಗೊಂಡನು. ಗಿಡದ ತಪ್ಪೇನೂ ಇರಲಿಲ್ಲ. ಅದರ ಬಣ್ಣ ಅಷ್ಟು ಚೆನ್ನಾಗಿ ಕೂಡಿಕೊಳ್ಳುತ್ತಿದ್ದುದೇ ಅದಕ್ಕೆ ಮುಳುವಾಯಿತು.

ಇಂದಿನ ಹಿತ್ತಲ ಬೇಸಾಯದ ಮೂಲವನ್ನು ಹುಡುಕುವವರು ಅಟ್ಲಾಂಟಿಕ್‌ನ ಆಚೆಗೆ, ಉತ್ತರ ಅಮೆರಿಕದ ಸ್ಯಾಂಬುಕಸ್ ಕ್ಯಾನಡೆನ್ಸಿಸ್ ಎಂಬ ಸೋದರ ಗಿಡದ ಕಡೆಗೆ ನೋಡಬೇಕು. ಅಲ್ಲಿನ ಮೂಲನಿವಾಸಿಗಳು ಆಹಾರಕ್ಕೂ ಔಷಧಕ್ಕೂ ಬಳಸುತ್ತಿದ್ದ, ವಲಸಿಗರು ಬೇಲಿಸಾಲುಗಳಿಂದ ಕಿತ್ತು ಜಾಮ್ ಮತ್ತು ವೈನ್ ಮಾಡುತ್ತಿದ್ದ ಈ ಹಣ್ಣಿನ ಕಾಡುಗಿಡಗಳಲ್ಲಿ ಉತ್ತಮವಾದುವನ್ನು ನ್ಯೂಯಾರ್ಕ್ ರಾಜ್ಯದ ವಿಲಿಯಂ ಆ್ಯಡಮ್ಸ್ ಆರಿಸಿದನು. ಅವು ಜಿನೀವಾ ಪಟ್ಟಣದ ಕೃಷಿ ಪ್ರಯೋಗ ಕೇಂದ್ರದಿಂದ 1926ರಲ್ಲಿ ‘ಆ್ಯಡಮ್ಸ್’ ತಳಿಗಳಾಗಿ ಹೊರಬಂದವು. ಅದೇ ಕೇಂದ್ರವು 1964ರಲ್ಲಿ ದೊಡ್ಡ ಹಣ್ಣಿನ ‘ಯಾರ್ಕ್’ ತಳಿಯನ್ನು ನೀಡಿತು, ಮತ್ತು ಕೆನಡಾದ ನೋವಾ ಸ್ಕೋಶಿಯಾದಲ್ಲಿಯೂ ‘ನೋವಾ’ ಮೊದಲಾದ ತಳಿಗಳು ಬಂದವು.

ತಳಿಗಳ ಜೊತೆಗೆ ಆರೈಕೆಯ ಶಾಸ್ತ್ರವೂ ರೂಪುಗೊಂಡಿತು. ಚಳಿಗಾಲದಲ್ಲಿ ಎಲೆ ಉದುರಿ ಗಿಡ ಸುಪ್ತವಾಗಿರುವಾಗ ಕಡಿದ ಗೇಣುದ್ದದ ಬಲಿತ ಕಡ್ಡಿಗಳು ಸುಲಭವಾಗಿ ಬೇರುಬಿಡುವುದರಿಂದ, ಬೀಜದ ಗೋಜಿಲ್ಲದೆ ತಳಿಯ ಗುಣವನ್ನು ಉಳಿಸಿಕೊಳ್ಳಬಹುದು. ಗಿಡದಿಂದ ಗಿಡಕ್ಕೆ ಸುಮಾರು 2 ಮೀಟರ್ ಅಂತರ ಬಿಟ್ಟು, ಪರಸ್ಪರ ಪರಾಗಸ್ಪರ್ಶಕ್ಕಾಗಿ ಎರಡು ಬೇರೆ ತಳಿಗಳನ್ನು 18 ಮೀಟರಿನೊಳಗೆ ನೆಡಬೇಕೆಂಬುದು ತೋಟಗಾರಿಕಾ ತಜ್ಞರ ಶಿಫಾರಸು. ಬೇರು ನೆಲದ ಮೇಲ್ಪದರದಲ್ಲೇ ಹಬ್ಬುವುದರಿಂದ ಆಳವಾಗಿ ಅಗೆಯದೆ ಕಳೆಯನ್ನು ಕೈಯಿಂದ ಕಿತ್ತು, ಬುಡಕ್ಕೆ ಒಣಹುಲ್ಲು ಅಥವಾ ಮರದ ಚೂರುಗಳ ಹೊದಿಕೆ ಹಾಸುತ್ತಾರೆ. ನಿಜವಾದ ಜಾಣ್ಮೆ ಇರುವುದು ಸವರುವಿಕೆಯಲ್ಲಿ, ವಿಜಯಪುರದ ದ್ರಾಕ್ಷಿ ಬೆಳೆಗಾರರ ಮಾತಿನಲ್ಲಿ ಹೇಳುವುದಾದರೆ ಚಾಟನಿಯಲ್ಲಿ. ಬುಡದಿಂದ ಚಿಮ್ಮುವ ಕಾಂಡವು ಒಂದೇ ವರ್ಷದಲ್ಲಿ ಪೂರ್ಣ ಎತ್ತರಕ್ಕೆ ಬೆಳೆದು, ಎರಡನೆಯ ವರ್ಷ ಅಡ್ಡರೆಂಬೆಗಳನ್ನು ಹೊರಡಿಸಿ, ಅವುಗಳ ತುದಿಯಲ್ಲಿ ಹೇರಳವಾಗಿ ಹಣ್ಣು ಬಿಟ್ಟು, ಮೂರು ವರ್ಷ ಕಳೆಯುತ್ತಿದ್ದಂತೆ ಕಸುವು ಕಳೆದುಕೊಳ್ಳುತ್ತದೆ. ಆದ್ದರಿಂದ ಮೊದಲ ಎರಡು ವರ್ಷ ಗಿಡಕ್ಕೆ ಕತ್ತರಿ ತಾಗಿಸದೆ, ಆನಂತರ ಪ್ರತಿ ಚಳಿಗಾಲದ ಕೊನೆಗೆ ಹಳೆಯ ಕಾಂಡಗಳನ್ನು ನೆಲಮಟ್ಟಕ್ಕೆ ಕಡಿದು, ಒಂದು, ಎರಡು ಮತ್ತು ಮೂರು ವರ್ಷದ ಕಾಂಡಗಳನ್ನು ಸಮಸಂಖ್ಯೆಯಲ್ಲಿ ಉಳಿಸಲಾಗುತ್ತದೆ. ತಾನೇ ಹುಟ್ಟಿ ತಾನೇ ಬೆಳೆದ ಗಿಡವನ್ನು ಬೆಳೆಯಾಗಿಸಿದ್ದು ಮುಖ್ಯವಾಗಿ ಕಾಂಡದ ವಯಸ್ಸನ್ನು ಎಣಿಸುವ ಈ ಶಿಸ್ತು.

ಯುರೋಪಿನಲ್ಲಿ ವ್ಯಾಪಕ ಸಾಗುವಳಿ ಇನ್ನೂ ತಡವಾಗಿ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತದಲ್ಲಿ ‘ಹಾಶ್‌ಬೆರ್ಗ್’ ತಳಿಯ ತೋಟಗಳೊಂದಿಗೆ ಬೇರೂರಿತು. ಅದಕ್ಕೆ ಒತ್ತಾಸೆಯಾದದ್ದು ಆಂಥೊಸಯನಿನ್‌ಗಳು, ಅಂದರೆ ಹಣ್ಣಿಗೆ ಕಪ್ಪು ನೇರಳೆ ಬಣ್ಣ ಕೊಡುವ ಸಸ್ಯವರ್ಣಕಗಳು. ಆಹಾರೋದ್ಯಮಕ್ಕೆ ನೈಸರ್ಗಿಕ ಬಣ್ಣ ಬೇಕಾದಾಗ, ಡೌರೊದಲ್ಲಿ ಗಿಡವನ್ನು ಕೀಳಿಸಿದ ಗುಣವೇ ಸ್ಟೈರಿಯಾದಲ್ಲಿ ನೆಡಿಸಿತು.

ಸಾಗುವಳಿ ಎಷ್ಟು ಬದಲಾದರೂ ಬಳಕೆಯ ಎಚ್ಚರ ಮಾತ್ರ ಹಳೆಯದೇ. ಎಲೆ, ಕಾಂಡ, ಬೀಜ ಮತ್ತು ಕಾಯಿಗಳಲ್ಲಿ ಸೈನೈಡ್ ಬಿಡುಗಡೆ ಮಾಡಬಲ್ಲ ಸಂಯುಕ್ತಗಳಿರುವುದರಿಂದ ಚೆನ್ನಾಗಿ ಮಾಗಿದ ಹಣ್ಣನ್ನಷ್ಟೇ ತೊಟ್ಟಿನಿಂದ ಬಿಡಿಸಿ, ಕುದಿಸಿ ಬಳಸಬೇಕು. ಇಂಗ್ಲೆಂಡಿನ ಎಲ್ಡರ್ ವೈನಿನ ಹಳೆಯ ಪಾಕಗಳಲ್ಲಿ ಬಹಳಷ್ಟು ಹಣ್ಣನ್ನು ನೀರಿನಲ್ಲಿ ಕುದಿಸುವುದರಿಂದಲೇ ಶುರುವಾಗುತ್ತವೆ. ಈ ರೂಢಿ ಕೈಬಿಟ್ಟರೆ ಏನಾಗುತ್ತದೆಂಬುದು 1983ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೌಂಟಿಯಲ್ಲಿ ತಿಳಿದುಬಂತು: ಕಾಡು ಎಲ್ಡರ್ ಹಣ್ಣನ್ನು ಎಲೆಕೊಂಬೆಗಳ ಸಮೇತ ಹಸಿಯಾಗಿಯೇ ಅರೆದು ತೆಗೆದ ರಸವನ್ನು ಕುಡಿದ ಸಭೆಯೊಂದರ 11 ಮಂದಿ ಕಾಲು ಗಂಟೆಯೊಳಗೆ ವಾಂತಿ, ಹೊಟ್ಟೆನೋವುಗಳಿಂದ ಅಸ್ವಸ್ಥರಾದರು, ಅವರಲ್ಲಿ 8 ಮಂದಿಯನ್ನು ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು, ಮತ್ತು ಎಲ್ಲರೂ ಚೇತರಿಸಿಕೊಂಡರು.