ನಿದ್ದೆಗೆಟ್ಟ ರಾತ್ರಿಗಳ ಕಾರಣಶೋಧ: ಆಟಿಸಂ ಇರುವ ಮಕ್ಕಳ ಪಾಲಕರ ಪ್ರಶ್ನೆ ಮತ್ತು ವೈದ್ಯಕೀಯ ಪುರಾವೆ

ಪ್ರಸ್ತಾವನೆ

ಆಟಿಸಂ ಇರುವ ಮಗು ಹಾಸಿಗೆಗೆ ಹೋಗಿ ಗಂಟೆ ಕಳೆದರೂ ನಿದ್ದೆ ಮಾಡುವುದಿಲ್ಲ; ಮಾಡಿದರೂ ನಡುರಾತ್ರಿ ಎದ್ದು ಮನೆಯೆಲ್ಲ ಓಡಾಡುತ್ತದೆ. ಇದು ಯಾಕೆ ಹೀಗೆ ಎಂದು ಕೇಳುವ ತಂದೆತಾಯಿಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಸಿಗುತ್ತದೆ. ‘ಈ ಮಕ್ಕಳು ಇರುವುದೇ ಹಾಗೆ’ ಎಂಬುದು ಒಂದು. ಹೊಟ್ಟೆ, ಲೋಹ, ಲಸಿಕೆ ಎಂದು ಯಾವುದೋ ಒಂದರ ಮೇಲೆ ಎಲ್ಲವನ್ನೂ ಹೊರಿಸಿ, ಅದಕ್ಕೊಂದು ಮದ್ದನ್ನೂ ತೋರಿಸುವುದು ಇನ್ನೊಂದು. ಮೊದಲನೆಯದು ಹುಡುಕಾಟವನ್ನು ಆರಂಭಿಸಲು ಬಿಡುವುದಿಲ್ಲ, ಎರಡನೆಯದು ಅದನ್ನು ಅರ್ಧದಲ್ಲೇ ಮುಗಿಸುತ್ತದೆ. ಪಾಲಕರು ದೇಹದಲ್ಲಿ ಕಾರಣ ಹುಡುಕುವುದು ಸರಿಯೇ. ಸಿಕ್ಕ ಕಾರಣವನ್ನು ಪರೀಕ್ಷಿಸುವ ಕ್ರಮ ಇಲ್ಲದಿರುವುದೇ ತೊಡಕು ಎಂಬುದು ಈ ಲೇಖನದ ವಾದ.

ವಿವಿಧ ಅಧ್ಯಯನಗಳ ಪ್ರಕಾರ ಆಟಿಸಂ ಇರುವ ಮಕ್ಕಳಲ್ಲಿ ಶೇ. 50ರಿಂದ 80ರಷ್ಟು ಮಂದಿಗೆ ಒಂದಲ್ಲ ಒಂದು ನಿದ್ರಾ ಸಮಸ್ಯೆ ಇದೆ. ಆದರೂ 2013ರಲ್ಲಿ ಪ್ರಕಟವಾದ, ಮನೋವೈದ್ಯಕೀಯ ರೋಗನಿರ್ಣಯದ ಡಿಎಸ್‌ಎಂ-5 ಕೈಪಿಡಿಯ ಆಟಿಸಂ ಮಾನದಂಡಗಳಲ್ಲಿ ನಿದ್ರಾಹೀನತೆ ಸೇರಿಲ್ಲ. ಆದ್ದರಿಂದ ಆಟಿಸಂ ಇದೆ ಎಂಬ ರೋಗನಿರ್ಣಯವೇ ನಿದ್ದೆ ಬಾರದಿರುವುದಕ್ಕೆ ಪೂರ್ಣ ವಿವರಣೆಯಾಗಲಾರದು.

ವೈದ್ಯರ ಉತ್ತರಗಳ ಬಗ್ಗೆ ಪಾಲಕರಿಗಿರುವ ಅಪನಂಬಿಕೆಗೂ ಒಂದು ಚರಿತ್ರೆಯಿದೆ. ತಾಯಂದಿರಲ್ಲಿ ಮಮತೆಯಿಲ್ಲದ್ದರಿಂದಲೇ ಆಟಿಸಂ ಬರುತ್ತದೆ ಎಂಬ ನಂಬಿಕೆ ಅಮೆರಿಕದ ಮನೋವೈದ್ಯಕೀಯದಲ್ಲಿ ಬಹುಕಾಲ ಬೇರೂರಿತ್ತು. ಅದನ್ನು 1964ರಲ್ಲಿ ತಮ್ಮ ಗ್ರಂಥದ ಮೂಲಕ ಪ್ರಶ್ನಿಸಿ ಜೈವಿಕ ಕಾರಣಗಳತ್ತ ಬೆರಳು ತೋರಿಸಿದ ಬರ್ನಾರ್ಡ್ ರಿಮ್ಲೆಂಡ್ ಮನೋವಿಜ್ಞಾನಿಯಷ್ಟೇ ಅಲ್ಲ, ಆಟಿಸಂ ಇದ್ದ ಮಗನ ತಂದೆ ಕೂಡ.

ದೇಹದೊಳಗಿನ ಕಾರಣಗಳು

ಮೆಲಟೋನಿನ್ ಮೆದುಳಿನ ಪೀನಿಯಲ್ ಗ್ರಂಥಿಯಲ್ಲಿ ಸಿರೊಟೋನಿನ್‌ನಿಂದ ತಯಾರಾಗಿ, ಕತ್ತಲಾಗುತ್ತಿದ್ದಂತೆ ರಕ್ತಕ್ಕೆ ಸೇರಿ ನಿದ್ದೆಯ ಹೊತ್ತನ್ನು ಸೂಚಿಸುವ ಹಾರ್ಮೋನು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ತಂಡವೊಂದು 2008ರಲ್ಲಿ, ಆಟಿಸಂ ಇರುವ ಹಲವರ ರಕ್ತದಲ್ಲಿ ಇದರ ಮಟ್ಟ ಕಡಿಮೆಯಿರುವುದನ್ನೂ, ಕೆಲವರಲ್ಲಿ ಇದರ ತಯಾರಿಕೆಯ ಕೊನೆಯ ಹಂತದ ಕಿಣ್ವಕ್ಕೆ ಸಂಬಂಧಿಸಿದ ಎಎಸ್‌ಎಂಟಿ ಜೀನಿನಲ್ಲಿ ವ್ಯತ್ಯಾಸವಿರುವುದನ್ನೂ ವರದಿ ಮಾಡಿತು. ನಿಧಾನವಾಗಿ ಬಿಡುಗಡೆಯಾಗುವ ಮೆಲಟೋನಿನ್ ಮಾತ್ರೆಯನ್ನು 125 ಮಕ್ಕಳ ಮೇಲೆ ಪರೀಕ್ಷಿಸಿದ 2017ರ ಪ್ರಯೋಗದಲ್ಲಿ, 13 ವಾರಗಳ ಕೊನೆಗೆ ಮದ್ದು ಪಡೆದವರ ನಿದ್ದೆ ಸರಾಸರಿ 57.5 ನಿಮಿಷ ಹೆಚ್ಚಿತು. ಹುಸಿಮಾತ್ರೆ ಪಡೆದವರಲ್ಲಿ ಹೆಚ್ಚಿದ್ದು ಸುಮಾರು 9 ನಿಮಿಷ.

ಕಬ್ಬಿಣಾಂಶದ ಕತೆ ಇಷ್ಟು ಸರಳವಲ್ಲ. ಮೆದುಳಿನಲ್ಲಿ ಡೋಪಮೈನ್ ತಯಾರಾಗಲು ಕಬ್ಬಿಣ ಬೇಕು. ಅದು ಕಡಿಮೆಯಾದಾಗ ಕಾಲು ಚಡಪಡಿಸುವ ತೊಂದರೆ ಹೆಚ್ಚುತ್ತದೆ. ಮಾತು ಬಾರದ ಮಗು ‘ಕಾಲಲ್ಲಿ ಏನೋ ಹರಿದಾಡಿದಂತಾಗುತ್ತದೆ’ ಎಂದು ಹೇಳಲಾರದು, ಹೊದಿಕೆ ಒದ್ದು ಎದ್ದು ಓಡುತ್ತದೆ. ಟೊರಾಂಟೊದಲ್ಲಿ 33 ಮಕ್ಕಳಿಗೆ 8 ವಾರ ಕಬ್ಬಿಣಾಂಶ ಕೊಟ್ಟು ನೋಡಿದ 2007ರ ಅಧ್ಯಯನದಲ್ಲಿ ಹೊರಳಾಟದ ನಿದ್ದೆ ಸುಧಾರಿಸಿದ್ದು ಕಂಡುಬಂತು. ಆದರೆ ಅಲ್ಲಿ ಹೋಲಿಸಿ ನೋಡಲು ಹುಸಿಮದ್ದಿನ ಗುಂಪು ಇರಲಿಲ್ಲ. 20 ಮಕ್ಕಳ ಮೇಲೆ ಹುಸಿಮದ್ದಿನೊಂದಿಗೆ ನಡೆದ 2020ರ ಸಣ್ಣ ಪ್ರಯೋಗದಲ್ಲಿ ಮುಖ್ಯ ಅಳತೆಗಳಲ್ಲಿ ಗಣನೀಯ ಸುಧಾರಣೆ ಕಾಣಲಿಲ್ಲ. ಹಾಗೆಂದು ಕಬ್ಬಿಣಾಂಶವನ್ನು ತಳ್ಳಿಹಾಕುವಂತಿಲ್ಲ. ಕೊರತೆ ಇದೆಯೆಂದು ರಕ್ತಪರೀಕ್ಷೆಯಲ್ಲಿ ಗೊತ್ತಾದ ಮಗುವಿಗೆ ಮಾತ್ರ ಅದು ಕಾರಣವಾಗಿರಬಹುದು.

ಮಲಬದ್ಧತೆ, ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಏರುವುದು, ಹಲ್ಲುನೋವು, ಟಾನ್ಸಿಲ್ ಊದಿ ಉಸಿರು ಕಟ್ಟುವುದು, ನಿದ್ದೆಯಲ್ಲೇ ಬರುವ ಫಿಟ್ಸ್ ಇವೂ ಪರಿಶೀಲಿಸಬೇಕಾದವು. ಮಗು ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧಗಳನ್ನೂ ನೋಡಬೇಕು. ನಿದ್ದೆ ಬರಲೆಂದು ಮನೆಯಲ್ಲಿ ಕೊಡುವ ನೆಗಡಿ-ಕೆಮ್ಮಿನ ಸಿರಪ್‌ಗಳ ಕೆಲವು ಅಂಶಗಳು ಕಾಲಿನ ಚಡಪಡಿಕೆಯನ್ನು ಹೆಚ್ಚಿಸಬಲ್ಲವು.

ಪಾಲಕರ ಅನುಭವ ಮತ್ತು ಅಳತೆ

1998ರಲ್ಲಿ ಅಮೆರಿಕದಿಂದ ಆಟಿಸಂ ಇರುವ ಮೂವರು ಮಕ್ಕಳ ವರದಿಯೊಂದು ಬಂತು. ಜೀರ್ಣಾಂಗದ ತಪಾಸಣೆಗೆಂದು ಸಿಕ್ರೆಟಿನ್ ಹಾರ್ಮೋನು ಕೊಟ್ಟ ಬಳಿಕ ಅವರ ಮಾತು, ಕಣ್ಣೋಟ, ಹೊಟ್ಟೆಯ ತೊಂದರೆ ಸುಧಾರಿಸಿದವು ಎಂಬುದು ಅದರ ಸಾರ. ಪಾಲಕರು ಆ ಚುಚ್ಚುಮದ್ದಿಗೆ ಮುಗಿಬಿದ್ದರು. ಮರುವರ್ಷ 60 ಮಕ್ಕಳನ್ನು ಸೇರಿಸಿಕೊಂಡು ನಡೆದ ಪ್ರಯೋಗದಲ್ಲಿ ಸಿಕ್ರೆಟಿನ್‌ನ ಒಂದು ಡೋಸ್ ಉಪ್ಪುನೀರಿನ ಚುಚ್ಚುಮದ್ದಿಗಿಂತ ಹೆಚ್ಚೇನೂ ಮಾಡಲಿಲ್ಲ. ಫಲಿತಾಂಶ ತಿಳಿಸಿದ ಮೇಲೂ ಶೇ. 69ರಷ್ಟು ಪಾಲಕರು ಆ ಚಿಕಿತ್ಸೆಯಲ್ಲಿ ಆಸಕ್ತಿ ಉಳಿಸಿಕೊಂಡಿದ್ದರು.

ಪಾಲಕರಿಗೆ ಅನಿಸುವುದು ಒಂದು, ಅಳತೆಯಲ್ಲಿ ಕಾಣುವುದು ಇನ್ನೊಂದು. ನಿದ್ದೆಗೆಂದು ಬಳಸುವ ಭಾರದ ಹೊದಿಕೆಯದೂ ಇದೇ ಪಾಠ. ಬ್ರಿಟನ್ನಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 67 ಮಕ್ಕಳ ನಿದ್ದೆಯನ್ನು ಮಣಿಕಟ್ಟಿನ ಚಲನಮಾಪಕದಿಂದ ಅಳೆದಾಗ, ಭಾರದ ಹೊದಿಕೆಗೂ ಸಾಮಾನ್ಯ ಹೊದಿಕೆಗೂ ವ್ಯತ್ಯಾಸ ಕಾಣಲಿಲ್ಲ; ಮಕ್ಕಳಿಗೂ ಪಾಲಕರಿಗೂ ಮಾತ್ರ ಭಾರದ ಹೊದಿಕೆಯೇ ಇಷ್ಟವಾಗಿತ್ತು. ಪಾಲಕರು ಸುಳ್ಳು ಹೇಳುತ್ತಾರೆಂದು ಇದರ ಅರ್ಥವಲ್ಲ. ಒಳ್ಳೆಯ ರಾತ್ರಿಗಳೂ ಕೆಟ್ಟ ರಾತ್ರಿಗಳೂ ತಾವಾಗಿಯೇ ಬಂದುಹೋಗುತ್ತವೆ. ತೀರಾ ಹದಗೆಟ್ಟಾಗ ಶುರುಮಾಡಿದ ಯಾವ ಉಪಾಯವಾದರೂ ಕೆಲಸ ಮಾಡಿದಂತೆ ಕಾಣುತ್ತದೆ.

ಕರ್ನಾಟಕದ ಸಂದರ್ಭ

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆಯಿದೆ. ಬಿಳಿ ಅನ್ನ, ಬಿಸ್ಕತ್ತು, ಹಾಲು ಬಿಟ್ಟು ಬೇರೇನೂ ಮುಟ್ಟದ ಮಗುವಿಗೆ ಆಟಿಸಂ ಕೂಡ ಇದ್ದರೆ, ಕಬ್ಬಿಣಾಂಶದ ಕೊರತೆಯ ಸಂಶಯ ಇಲ್ಲಿ ಟೊರಾಂಟೊಗಿಂತ ಬಲವಾಗಿಯೇ ಬರಬೇಕು. ಹಿಮೋಗ್ಲೋಬಿನ್ ಸರಿಯಿದ್ದರೂ, ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಕಡಿಮೆಯಿರಬಹುದು. ಕಾಲು ಚಡಪಡಿಸುವ ಮಕ್ಕಳಲ್ಲಿ ಲೀಟರಿಗೆ 50 ಮೈಕ್ರೋಗ್ರಾಮಿಗಿಂತ ಕಡಿಮೆಯಾದರೆ ಚಿಕಿತ್ಸೆಯನ್ನು ಯೋಚಿಸುತ್ತಾರೆ. ಸೋಂಕು ಇದ್ದಾಗ ಫೆರಿಟಿನ್ ಏರಿ ಕೊರತೆಯನ್ನು ಮರೆಮಾಡುವುದರಿಂದ ಜ್ವರದ ದಿನಗಳ ಪರೀಕ್ಷೆಯನ್ನು ನಂಬುವಂತಿಲ್ಲ. ಕಬ್ಬಿಣದ ಮಾತ್ರೆ ಪ್ರಮಾಣ ಮೀರಿದರೆ ಮಕ್ಕಳಿಗೆ ವಿಷ. ವೈದ್ಯರನ್ನು ಕೇಳದೆ ಕೊಡಬಾರದು.

ಮೆಲಟೋನಿನ್ ವಿಷಯದಲ್ಲೂ ಎಚ್ಚರ ಬೇಕು. ಅಮೆರಿಕದಲ್ಲಿ ಮಾರಾಟವಾಗುವ 25 ಬಗೆಯ ಮೆಲಟೋನಿನ್ ಗಮ್ಮಿಗಳನ್ನು 2023ರಲ್ಲಿ ಪರೀಕ್ಷಿಸಿದಾಗ 22ರಲ್ಲಿ ಲೇಬಲ್ಲಿನ ಪ್ರಮಾಣ ತಪ್ಪಾಗಿತ್ತು. ಇನ್ನು ಒಂದೇ ಕೋಣೆಯಲ್ಲಿ ಮನೆಮಂದಿಯೆಲ್ಲ ಮಲಗುವ, ಹತ್ತು ಗಂಟೆಯವರೆಗೂ ಟಿವಿ ಉರಿಯುವ ಮನೆಗಳಲ್ಲಿ ‘ಮಗುವಿಗೆ ಪ್ರತ್ಯೇಕ ಕೋಣೆ ಕೊಡಿ’ ಎಂಬ ಪಾಶ್ಚಾತ್ಯ ಸಲಹೆಗೆ ಅರ್ಥವಿಲ್ಲ. ನಿತ್ಯ ಒಂದೇ ಹೊತ್ತಿಗೆ ದೀಪ ತಗ್ಗಿಸುವುದು, ಪರದೆಗಳನ್ನು ಆರಿಸುವುದು, ಬೆಳಿಗ್ಗೆ ಒಂದೇ ಹೊತ್ತಿಗೆ ಎಬ್ಬಿಸುವುದು ಅಲ್ಲೂ ಸಾಧ್ಯ.

ಉಪಸಂಹಾರ

ಅಮೆರಿಕದ ನರವಿಜ್ಞಾನ ಅಕಾಡೆಮಿಯ 2020ರ ಮಾರ್ಗಸೂಚಿ ಸೂಚಿಸುವ ಕ್ರಮ ಇದು: ಮೊದಲು ಜೊತೆಗಿರುವ ಕಾಯಿಲೆ ಮತ್ತು ಔಷಧಗಳ ಪರಿಶೀಲನೆ, ಬಳಿಕ ಮಲಗುವ ಅಭ್ಯಾಸಗಳ ತಿದ್ದುಪಡಿ, ಅದೂ ಸಾಲದಾದರೆ ಮೆಲಟೋನಿನ್. ಇದಕ್ಕೆ ಪಾಲಕರು ಸೇರಿಸಬಹುದಾದದ್ದು ಎರಡು ವಾರದ ನಿದ್ದೆಯ ದಿನಚರಿ ಮತ್ತು ಮೊಬೈಲಿನಲ್ಲಿ ಹಿಡಿದ ರಾತ್ರಿಯ ವಿಡಿಯೊ. ಹತ್ತು ನಿಮಿಷದ ಭೇಟಿಯಲ್ಲಿ ವೈದ್ಯರಿಗೆ ಕಾಣದ ಗೊರಕೆ, ಒದೆತ, ಸೆಳೆತ ಅದರಲ್ಲಿ ದಾಖಲಾಗುತ್ತವೆ. ಒಮ್ಮೆಗೆ ಒಂದನ್ನೇ ಬದಲಿಸಿ, ಮುಂಚಿನ ಮತ್ತು ನಂತರದ ರಾತ್ರಿಗಳನ್ನು ಬರೆದಿಟ್ಟರೆ ಪಾಲಕರ ಅನುಭವ ವೈದ್ಯರು ಬಳಸಬಹುದಾದ ಪುರಾವೆಯಾಗುತ್ತದೆ. ಜಿಲ್ಲಾಸ್ಪತ್ರೆಗಳ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳು ಆಟಿಸಂ ತಪಾಸಣೆಯ ಜೊತೆಗೇ ನಿದ್ದೆಯ ಪ್ರಶ್ನಾವಳಿಯನ್ನೂ ಫೆರಿಟಿನ್ ಪರೀಕ್ಷೆಯನ್ನೂ ವಾಡಿಕೆಯಾಗಿಸಬೇಕು.