ಹಾಂಗ್‌ಕಾಂಗ್‌ನ ಆ 400 ಡಾಲರ್

ಇವತ್ತು ನಾನು ಹೇಳ್ತಿರೋದು ಒಂದು ಸಂಬಳ ಕಡಿತದ ಕಥೆ.

ಹಾಂಗ್‌ಕಾಂಗ್‌ನ ಮನೆಗಳಲ್ಲಿ ಅಡುಗೆ ಮಾಡಿ, ಮಕ್ಕಳು ಮುದುಕರನ್ನ ನೋಡ್ಕೊಳ್ಳೋರು ಹೆಚ್ಚಾಗಿ ಫಿಲಿಪ್ಪೀನ್ಸ್, ಇಂಡೋನೇಷ್ಯಾದ ಹೆಣ್ಣುಮಕ್ಕಳು. ಇವರ ಕನಿಷ್ಠ ಸಂಬಳವನ್ನು 1970ರ ದಶಕದಿಂದ ಸರ್ಕಾರವೇ ಗೊತ್ತುಮಾಡುತ್ತೆ. ಕೇಳೋಕೆ ಚೆನ್ನಾಗಿದೆ ಅಲ್ವಾ?

2003ರಲ್ಲಿ ಸರ್ಕಾರದ ಖಜಾನೆಗೆ ಕೊರತೆ ಬಿದ್ದಿತ್ತು. ಏಪ್ರಿಲ್‌ನಲ್ಲಿ ಇವರ ತಿಂಗಳ ಸಂಬಳವನ್ನು 3,670ರಿಂದ 3,270 ಹಾಂಗ್‌ಕಾಂಗ್ ಡಾಲರಿಗೆ ಇಳಿಸಿದರು. ಅಕ್ಟೋಬರ್‌ನಿಂದ ಮಾಲೀಕರು ತಿಂಗಳಿಗೆ 400 ಡಾಲರ್ ಲೆವಿ ಕಟ್ಟಬೇಕು ಅಂತ ಆಯ್ತು. ಸ್ಥಳೀಯ ಕೆಲಸಗಾರರಿಗೆ ಹೊಸ ತರಬೇತಿ ಕೊಡೋಕೆ ಆ ದುಡ್ಡು. ಇಳಿಸಿದ್ದೂ 400, ಕಟ್ಟಿಸಿಕೊಂಡಿದ್ದೂ 400! ಒಂದಕ್ಕೊಂದು ಸಂಬಂಧವಿಲ್ಲ ಅಂದಿತು ಸರ್ಕಾರ. ಕೆಲವು ಕೆಲಸದವರು ಕೋರ್ಟಿಗೆ ಹೋದರು, ಸೋತರು. ನಾನಂತೂ ಇದನ್ನ ಕೆಲಸದವರ ಜೇಬಿಂದಲೇ ಎತ್ತಿದ ತೆರಿಗೆ ಅಂತೀನಿ.

ಬೇರೆ ಮನೆ ನೋಡ್ಕೋಬಹುದಿತ್ತಲ್ಲ ಅಂತೀರಾ? ಅದೇ ಕಷ್ಟ. ಕೆಲಸ ಹೋದರೆ ಎರಡು ವಾರದಲ್ಲಿ ದೇಶ ಬಿಡಬೇಕು, 1987ರಿಂದ ಇರೋ ನಿಯಮ. ವಾಸವೂ ಮಾಲೀಕರ ಮನೆಯಲ್ಲೇ. ರಾತ್ರಿ ಹನ್ನೊಂದಕ್ಕೆ ಕೂಗಿದರೂ ಏಳಲೇಬೇಕು, ಯಾಕಂದ್ರೆ ದಿನಕ್ಕೆ ಇಷ್ಟೇ ಗಂಟೆ ಕೆಲಸ ಅನ್ನೋ ಮಿತಿ ಕಾನೂನಲ್ಲಿಲ್ಲ.

2008ರಲ್ಲಿ ಲೆವಿ ನಿಲ್ಲಿಸಿದರು, 2013ರಲ್ಲಿ ರದ್ದೇ ಮಾಡಿದರು. ಸಂಬಳ? 2008ರಲ್ಲಿ 3,580. ಹಳೇ 3,670 ದಾಟಿದ್ದು 2011ರಲ್ಲಿ, 3,740 ಆದಾಗ. ಎಂಟು ವರ್ಷ! ಅದೇ ವರ್ಷ ಹಾಂಗ್‌ಕಾಂಗ್‌ನ ಕೆಲಸಗಾರರಿಗೆ ಗಂಟೆಗೆ 28 ಡಾಲರ್ ಕನಿಷ್ಠ ಕೂಲಿಯ ಕಾನೂನು ಜಾರಿಗೆ ಬಂತು. ಮಾಲೀಕರ ಮನೆಯಲ್ಲೇ ಇದ್ದು ದುಡಿಯೋರನ್ನ ಅದರಿಂದ ಹೊರಗಿಟ್ಟರು.